ತಾಯಿಮರದ ಒಡೆಯನಿಗೆ ಲೆಕ್ಕದಲ್ಲಿ ಪಾಲೆಲ್ಲಿ?

2025ರ ಜೂನ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಮಾವು ವಹಿವಾಟಿನಲ್ಲಿ ಉಂಟಾದ ಬಿಕ್ಕಟ್ಟನ್ನು ರಾಜ್ಯದ ವಾಣಿಜ್ಯ ವಲಯವು ಮರೆತಿರಲಾರದು. ತೋತಾಪುರಿ ಹಣ್ಣಿನ ಧಾರಣೆ ಬೇಸಾಯದ ಖರ್ಚಿಗಿಂತಲೂ ಕೆಳಗಿಳಿಯಿತು. ಅದೇ ವೇಳೆಗೆ ನೆರೆಯ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿ ತನ್ನ ಗಡಿಯೊಳಗೆ ಬಾರದಂತೆ ತಡೆಯೊಡ್ಡಿತು. ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಮುಖ್ಯಮಂತ್ರಿಗಳ ನಡುವೆ ಪತ್ರವ್ಯವಹಾರ ನಡೆಯಿತು. ಕೊನೆಗೆ ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ ಎರಡೂವರೆ ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸದ ಹಣ ನೀಡಲು ಒಪ್ಪಬೇಕಾಯಿತು. ಆ ಸಂದರ್ಭದಲ್ಲಿ ನಡೆದ ಚರ್ಚೆಗಳೆಲ್ಲ ಧಾರಣೆ, ಗಡಿ ಮತ್ತು ತಿರುಳು ಕಾರ್ಖಾನೆಗಳ ಸುತ್ತಲೇ ಸುತ್ತಿದವು. ಇಷ್ಟೊಂದು ಹಣ್ಣು ಒಂದೇ ತಳಿಯದಾಗಿ, ಒಂದೇ ಋತುವಿನಲ್ಲಿ, ಒಂದೇ ಬಗೆಯ ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲುವ ಪರಿಸ್ಥಿತಿ ಹೇಗೆ ಒದಗಿತು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ವಿರಳ.

ಭಾರತದಲ್ಲಿ ಮಾವಿನ ಸುಮಾರು ಒಂದು ಸಾವಿರ ತಳಿಗಳಿವೆಯೆಂದು ತೋಟಗಾರಿಕಾ ವಿಜ್ಞಾನಿಗಳು ಹೇಳುತ್ತಾರೆ. ಅವುಗಳಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಬೆಳೆಯುತ್ತಿರುವವು ಇಪ್ಪತ್ತು ಮೂವತ್ತಕ್ಕೆ ಮೀರುವುದಿಲ್ಲ. ಈ ಇಳಿಕೆ ರೈತನ ಅಜ್ಞಾನದಿಂದ ಆದುದಲ್ಲ. ಮಂಡಿ ಯಾವುದನ್ನು ಕೇಳಿತೋ, ಕಾರ್ಖಾನೆಯ ಯಂತ್ರಕ್ಕೆ ಯಾವುದು ಹೊಂದಿತೋ, ದೂರದ ಲಾರಿ ಪ್ರಯಾಣವನ್ನು ಯಾವುದು ತಾಳಿಕೊಂಡಿತೋ ಅದನ್ನೇ ರೈತ ನೆಟ್ಟನು. ಹೊಲದ ಬದುವಿನಲ್ಲಿದ್ದ ನಾಟಿ ಮಾವಿನ ಮರ ಪೆಟ್ಟಿಗೆಯ ಹಲಗೆಯಾಯಿತು, ಇಟ್ಟಿಗೆಗೂಡಿನ ಸೌದೆಯಾಯಿತು, ರಸ್ತೆ ಅಗಲೀಕರಣಕ್ಕೆ ಬಲಿಯಾಯಿತು. ಬೇಡಿಕೆಯನ್ನು ರೂಪಿಸಿದ್ದು ವ್ಯಾಪಾರ. ಆದ್ದರಿಂದ ಹಣ್ಣಿನ ತಳಿ ವೈವಿಧ್ಯದ ಅಳಿವು ಉಳಿವಿನ ಪ್ರಶ್ನೆ ಅರಣ್ಯ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ಮಾತ್ರ ಸೇರಿದ್ದೆಂದು ವಾಣಿಜ್ಯ ವಲಯವು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ.

ಒಂದೇ ತಳಿಯನ್ನು ನೆಚ್ಚಿಕೊಂಡ ವ್ಯಾಪಾರಕ್ಕೆ ಧಾರಣೆ ಕುಸಿತವೊಂದೇ ಅಪಾಯವಲ್ಲ. ಗ್ರಾಸ್ ಮೈಕೆಲ್ ಎಂಬ ಬಾಳೆಯನ್ನು ನಂಬಿ ಬೆಳೆದಿದ್ದ ಮಧ್ಯ ಅಮೆರಿಕದ ರಫ್ತು ಉದ್ಯಮವು ಪನಾಮಾ ಸೊರಗು ರೋಗದಿಂದ ತತ್ತರಿಸಿ, ಕಳೆದ ಶತಮಾನದ ಮಧ್ಯಭಾಗದಲ್ಲಿ ಸಾರಾಸಗಟಾಗಿ ಕ್ಯಾವೆಂಡಿಶ್ ಗುಂಪಿನ ತಳಿಗಳಿಗೆ ಹೊರಳಬೇಕಾಯಿತು. ಈಗ ಆ ಕ್ಯಾವೆಂಡಿಶ್ ಗುಂಪಿಗೇ ತಗಲುವ ಸೊರಗಿನ ಹೊಸ ಪ್ರಭೇದವು ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲಿ ಕಾಣಿಸಿಕೊಂಡಿದೆ. ನಮ್ಮಲ್ಲಿ ಬಯಲುಸೀಮೆಯ ಉದ್ದಗಲಕ್ಕೂ ಹಬ್ಬಿರುವ ಜಿ-9 ಬಾಳೆ ಇದೇ ಗುಂಪಿಗೆ ಸೇರಿದ್ದು. ಅಷ್ಟು ದೂರವೇಕೆ, ನಂಜನಗೂಡು ರಸಬಾಳೆಯ ತೋಟಗಳು ಇದೇ ಸೊರಗು ರೋಗಕ್ಕೆ ಸಿಲುಕಿ ಬೆರಳೆಣಿಕೆಯಷ್ಟಾದುದನ್ನು ಮೈಸೂರಿನ ಹಣ್ಣಿನ ವ್ಯಾಪಾರಿಗಳು ಕಣ್ಣಾರೆ ಕಂಡಿದ್ದಾರೆ. ಹೆಸರು ಊರೂರಿಗೆ ಹರಡಿತ್ತು. ಹಣ್ಣು ಮಾತ್ರ ಅಂಗಡಿಯಿಂದ ಮರೆಯಾಯಿತು.

ಬಿತ್ತನೆಯ ಕಣಜದಲ್ಲಿ ಇಡಲಾಗದ ಸಂಪತ್ತು

ಭತ್ತ, ರಾಗಿ, ಜೋಳಗಳ ತಳಿಗಳನ್ನು ಕಾಪಾಡುವ ಕ್ರಮ ತಕ್ಕಮಟ್ಟಿಗೆ ಸುಲಭ. ಕಾಳನ್ನು ಒಣಗಿಸಿ ಮೊಹರು ಮಾಡಿ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಶೀತಕೋಠಿಯಲ್ಲಿ ಇರಿಸಿದರೆ ದಶಕಗಳ ಕಾಲ ಅದು ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಮಾವು, ಹಲಸು, ಮುರುಗಲು ಮೊದಲಾದ ಉಷ್ಣವಲಯದ ಹಣ್ಣುಗಳ ಸ್ವಭಾವ ಬೇರೆ. ಅವುಗಳ ಬೀಜ ಒಣಗಿದರೆ ಸಾಯುತ್ತದೆ, ಶೈತ್ಯದಲ್ಲಿಟ್ಟರೂ ಸಾಯುತ್ತದೆ. ಆದ್ದರಿಂದ ಜೀವಂತ ಮರವೇ ಅವುಗಳ ಕಣಜ.

ಇನ್ನೊಂದು ತೊಡಕೂ ಇದೆ. ಮಾವು ಮತ್ತು ಹಲಸು ಪರಕೀಯ ಪರಾಗಸ್ಪರ್ಶದಿಂದ ಕಾಯಿಕಟ್ಟುವ ಮರಗಳು. ಒಂದು ಮರದ ನೂರು ಬೀಜಗಳನ್ನು ನೆಟ್ಟರೆ ಹುಟ್ಟುವುದು ಸಾಮಾನ್ಯವಾಗಿ ನೂರು ಬಗೆಯ ಮರಗಳೇ ಹೊರತು ತಾಯಿಯ ಪಡಿಯಚ್ಚುಗಳಲ್ಲ. ಬೀಜದಿಂದ ಹುಟ್ಟಿದ ಪ್ರತಿ ಮರವೂ ಜಗತ್ತಿನಲ್ಲಿ ಒಂದೇ ಒಂದು. ಅದರ ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸಬೇಕಾದರೆ ಕೊಂಬೆಯಿಂದ ಕಡ್ಡಿ ತೆಗೆದು ಕಸಿ ಕಟ್ಟುವುದಲ್ಲದೆ ಅನ್ಯ ಮಾರ್ಗವಿಲ್ಲ. ಉತ್ತಮ ಗುಣದ ಮರವೊಂದು ಯಾರ ಹಿತ್ತಲಿನಲ್ಲಿ ನಿಂತಿದೆಯೋ ಆ ಮನೆಯವರು, ಅರಿತೋ ಅರಿಯದೆಯೋ, ಆ ತಳಿಯ ಏಕೈಕ ಬಂಡವಾಳದ ಒಡೆಯರಾಗಿರುತ್ತಾರೆ. ಮಗಳ ಮದುವೆಗೆ ಹಣ ಸಾಲದೆ ಮರವನ್ನು ಮರದ ವ್ಯಾಪಾರಿಗೆ ಮಾರಿದ ದಿನ ಆ ತಳಿ ಮುಗಿಯಿತು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಲಖನೌ ಸಮೀಪದ ರೆಹಮಾನ್‌ಖೇಡಾದ ಸಂಸ್ಥೆಯಲ್ಲೂ ನೂರಾರು ಮಾವಿನ ತಳಿಗಳನ್ನು ತೋಪುಗಳಲ್ಲಿ ನೆಟ್ಟು ಕಾಪಾಡಲಾಗಿದೆ. ಈ ಕಾರ್ಯ ಅತ್ಯಗತ್ಯ. ಆದರೆ ಮರವೊಂದಕ್ಕೆ ಬೇಕಾದ ಜಾಗ, ನೀರು, ಆಳುಗಳ ವೆಚ್ಚವನ್ನು ಲೆಕ್ಕ ಹಾಕಿದರೆ ಸಾವಿರಾರು ಮರಗಳನ್ನು ಸರ್ಕಾರಿ ಜಮೀನಿನಲ್ಲಿ ಪೋಷಿಸುವುದು ಅಸಾಧ್ಯವೆಂಬುದು ಲೆಕ್ಕಪತ್ರ ಬಲ್ಲ ಯಾರಿಗೂ ತಿಳಿಯುತ್ತದೆ. ಅಲ್ಲದೆ ಶರಾವತಿಯ ದಂಡೆಯ ಮರ ಹೆಸರಘಟ್ಟದ ಒಣಹವೆಯಲ್ಲಿ ಬದುಕಬಹುದು; ಹೊಳೆಯ ನೆರೆ, ಮಲೆನಾಡಿನ ಮಳೆ, ಹೊಸ ಕೀಟ ಇವುಗಳಿಗೆ ಪೀಳಿಗೆಯಿಂದ ಪೀಳಿಗೆಗೆ ಒಗ್ಗಿಕೊಳ್ಳುತ್ತಾ ಸಾಗುವ ಕ್ರಿಯೆ ಅಲ್ಲಿ ನಿಂತುಹೋಗುತ್ತದೆ. ಈ ಕೊರತೆಯನ್ನು ತುಂಬಬಲ್ಲವನು ರೈತನೊಬ್ಬನೇ.

ಅಪ್ಪೆಮಿಡಿಯ ಪಾಠ

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ ತಾಲ್ಲೂಕುಗಳ ಹೊಳೆಸಾಲುಗಳಲ್ಲಿ ಬೆಳೆಯುವ ಅಪ್ಪೆಮಿಡಿಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತ. ಅಪ್ಪೆಮಿಡಿ ಒಂದು ತಳಿಯಲ್ಲ, ತಳಿಗಳ ದೊಡ್ಡ ಕುಟುಂಬ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ವರಾಟೆ ಗಿಡುಗ, ಕರ್ಣಕುಂಡಲ, ಜೀರಿಗೆ ಮಿಡಿ ಎಂದು ಮರದ ಒಡೆಯನ ಹೆಸರಿನಿಂದಲೋ ಊರಿನಿಂದಲೋ ಆಕಾರದಿಂದಲೋ ಪರಿಮಳದಿಂದಲೋ ಕರೆಯಲ್ಪಡುವ ಈ ಮಿಡಿಗಳ ಬೆಲೆ ಇರುವುದು ಅವುಗಳ ಸೊನೆಯಲ್ಲಿ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೆಡದೆ, ಕರುಂ ಎನ್ನುವ ಗಟ್ಟಿತನ ಕಳೆದುಕೊಳ್ಳದೆ ನಿಲ್ಲುವ ಗುಣ ಎಲ್ಲ ಮಾವಿಗೂ ಇಲ್ಲ. ಯಾವ ಹೊಳೆಯ ಮಿಡಿ ಎಷ್ಟು ವರ್ಷ ತಾಳುತ್ತದೆ, ಯಾವುದಕ್ಕೆ ಎಷ್ಟು ಖಾರ ಹೊಂದುತ್ತದೆ ಎಂಬ ಜ್ಞಾನವನ್ನು ಕಾಪಾಡಿಕೊಂಡು ಬಂದವರು ಮಲೆನಾಡಿನ ಗೃಹಿಣಿಯರು. ಯಾವ ಪ್ರಯೋಗಾಲಯದ ವರದಿಗೂ ಮೊದಲು ತಳಿಯ ಗುಣಮಟ್ಟವನ್ನು ನಿರ್ಣಯಿಸಿದ್ದು ಅವರ ಭರಣಿಗಳು.

ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿ.ಐ. ನೋಂದಣಿ ದೊರೆಯಿತು. ಉಪ್ಪಿನಕಾಯಿ ಉದ್ಯಮವು ಇದನ್ನು ಸಹಜವಾಗಿಯೇ ಸ್ವಾಗತಿಸಿತು. ಆದರೆ ಜಿ.ಐ. ಕಾಪಾಡುವುದು ಹೆಸರನ್ನು, ಮರವನ್ನಲ್ಲ. ಬೇಡಿಕೆ ಏರಿದಂತೆ ಹೊಳೆದಂಡೆಯ ಎತ್ತರದ ಮರಗಳ ಮೇಲೆ ಒತ್ತಡವೂ ಏರಿತು. ಮಿಡಿಯನ್ನು ತೊಟ್ಟು ಸಹಿತ ಕೈಯಿಂದ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ. ಮರವೇರುವ ನುರಿತ ಆಳುಗಳು ಕಡಿಮೆಯಾದಂತೆ, ಕೊಂಬೆಯನ್ನೇ ಕಡಿದು ಕೆಳಗಿಳಿಸಿ ಮಿಡಿ ಬಿಡಿಸಿಕೊಳ್ಳುವ ದುರಭ್ಯಾಸ ಹಲವೆಡೆ ಬೆಳೆಯಿತು. ಗುತ್ತಿಗೆ ಹಿಡಿದವನಿಗೆ ಆ ವರ್ಷದ ಮಿಡಿ ಮುಖ್ಯವೇ ಹೊರತು ಮುಂದಿನ ವರ್ಷದ ಮರವಲ್ಲ. ಈ ಕಡಿತದ ಮಿಡಿಯನ್ನು ಕೊಂಡವರು ಯಾರು? ಅದನ್ನು ಕೇಳಿ ಕೊಂಡವರು ಎಷ್ಟು ಮಂದಿ? ಉಪ್ಪಿನಕಾಯಿ ತಯಾರಕರು ತಮ್ಮ ಖರೀದಿ ಪುಸ್ತಕವನ್ನು ತೆರೆದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಪರಿಹಾರವನ್ನು ಮೊದಲು ಕಂಡುಕೊಂಡವರೂ ರೈತರೇ. ಹೊಳೆದಂಡೆಯ ಒಳ್ಳೆಯ ಮರಗಳನ್ನು ಗುರುತಿಸಿ, ಕಡ್ಡಿ ತಂದು, ಅಡಿಕೆ ತೋಟದ ಅಂಚಿನಲ್ಲೂ ಬ್ಯಾಣದಲ್ಲೂ ಕಸಿ ಗಿಡಗಳನ್ನು ಬೆಳೆಸಿದವರು ಸಾಗರ, ರಿಪ್ಪನ್‌ಪೇಟೆ, ಶಿರಸಿಯ ಕಡೆಗಳಲ್ಲಿ ಅನೇಕರಿದ್ದಾರೆ. ಬೀಜದ ಮರ ಫಲಕ್ಕೆ ಬರಲು ಹಿಡಿಯುವ ಕಾಲದ ಅರ್ಧದಲ್ಲೇ ಕಸಿ ಗಿಡ ಮಿಡಿ ಬಿಡುತ್ತದೆ. ಮರ ಗಿಡ್ಡವಾಗಿರುವುದರಿಂದ ಕೊಯ್ಲಿಗೂ ಸಲೀಸು. ಆದರೆ ಇಲ್ಲೂ ವ್ಯಾಪಾರದ ಹಳೆಯ ಚಾಳಿ ಇಣುಕುತ್ತದೆ. ಹೆಸರುವಾಸಿಯಾದ ನಾಲ್ಕಾರು ಮಿಡಿಗಳ ಕಸಿ ಮಾತ್ರ ಖರ್ಚಾಗುತ್ತದೆ. ಉಳಿದ ನೂರಾರು ಮರಗಳು ಹೊಳೆಯ ದಂಡೆಯಲ್ಲಿ ಹೆಸರಿಲ್ಲದೆ ನಿಂತಿವೆ, ಒಂದೊಂದಾಗಿ ಬೀಳುತ್ತಿವೆ.

ಬೆಲೆ ಬಂದ ಮಾತ್ರಕ್ಕೆ ಸಂರಕ್ಷಣೆ ತಾನಾಗಿ ನಡೆಯುತ್ತದೆಂದು ಭಾವಿಸುವವರು ಉಪ್ಪಾಗೆಯ ಇತಿಹಾಸವನ್ನು ನೆನಪಿಸಿಕೊಳ್ಳಬೇಕು. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲಕ್ಕೆ, ಬೊಜ್ಜು ಕರಗಿಸುತ್ತದೆಂಬ ನಂಬಿಕೆಯಿಂದ, ವಿದೇಶಗಳಲ್ಲಿ ಭಾರೀ ಬೇಡಿಕೆ ಹುಟ್ಟಿತು. ಉತ್ತರ ಕನ್ನಡದ ಕಾಡುಗಳಲ್ಲಿ ಯಾರೂ ಕೇಳದೆ ಬಿದ್ದಿದ್ದ ಹಣ್ಣಿಗೆ ಏಕಾಏಕಿ ಬಂಗಾರದ ಬೆಲೆ ಬಂತು. ಹಣ್ಣು ಮಾಗುವ ಮೊದಲೇ ಕೊಯ್ಯುವ ಪೈಪೋಟಿ, ಕೊಂಬೆ ಕಡಿಯುವಿಕೆ, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆಯ ದಹನ: ಲಾಭದ ಜೊತೆಯಲ್ಲಿ ಇವೆಲ್ಲವೂ ಬಂದವು. ಕಾಡಿನ ಮರಕ್ಕೆ ಒಡೆಯರಿರಲಿಲ್ಲ. ನಾಳೆಯ ಹೊಣೆ ಯಾರ ಮೇಲೂ ಇರಲಿಲ್ಲ. ತಮ್ಮ ಬೆಟ್ಟ ಮತ್ತು ತೋಟಗಳಲ್ಲಿ ಉಪ್ಪಾಗೆ, ಮುರುಗಲುಗಳನ್ನು ನೆಟ್ಟು ಬೆಳೆಸಿದ ರೈತರಾದರೋ ಕೊಂಬೆ ಕಡಿಯುವ ಗೋಜಿಗೆ ಹೋಗಲಿಲ್ಲ. ಸಂದರ್ಭವಶಾತ್ ಇಲ್ಲಿ ಹೇಳಬೇಕಾದ ಮಾತೊಂದಿದೆ: ಈ ಎರಡು ಜಾತಿಗಳಲ್ಲಿ ಗಂಡು ಮರ, ಹೆಣ್ಣು ಮರಗಳು ಬೇರೆ ಬೇರೆ. ಫಲ ಕೊಡುವ ಹೆಣ್ಣು ಮರದ ಕಸಿಯನ್ನಷ್ಟೇ ನೆಡುತ್ತಾ ಗಂಡು ಮರವನ್ನು ನಿರುಪಯೋಗಿಯೆಂದು ಕಡಿದರೆ ಪರಾಗಕ್ಕೆ ಎಲ್ಲಿಗೆ ಹೋಗುವುದು? ಕಾಯಿ ಕೊಡದ ಮರವನ್ನೂ ಉಳಿಸಿಕೊಳ್ಳುವಷ್ಟು ಆದಾಯ ಕಾಯಿ ಕೊಡುವ ಮರದಿಂದ ರೈತನಿಗೆ ಬರಬೇಕು.

ಚೇಳೂರಿನ ಒಂದು ಒಪ್ಪಂದ

ಈ ವಿಷಯದಲ್ಲಿ ಕರ್ನಾಟಕದಲ್ಲೇ ನಡೆದ ಒಂದು ಪ್ರಯೋಗ ದೇಶದ ಗಮನ ಸೆಳೆದಿದೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ತಂದೆ ಸಿದ್ದಪ್ಪನವರು ನೆಟ್ಟಿದ್ದ ಹಲಸಿನ ಮರವೊಂದಿತ್ತು. ಎರಡೂವರೆ ಮೂರು ಕಿಲೋ ತೂಗುವ ಚಿಕ್ಕ ಹಣ್ಣು, ತಾಮ್ರಗೆಂಪು ಬಣ್ಣದ ತೊಳೆ, ಲೈಕೋಪಿನ್ ಅಂಶ ಅಧಿಕ. ಭಾರೀ ಗಾತ್ರದ ಹಣ್ಣನ್ನು ಹೊತ್ತೊಯ್ಯಲು ಹಿಂಜರಿಯುವ ಇಂದಿನ ಸಣ್ಣ ಕುಟುಂಬಕ್ಕೆ ಹೇಳಿ ಮಾಡಿಸಿದಂತಹ ತಳಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಇದನ್ನು ಗುರುತಿಸಿ, ರೈತನ ತಂದೆಯ ಹೆಸರಿನಲ್ಲೇ 'ಸಿದ್ದು' ಎಂದು ಕರೆದರು. ಸಂಸ್ಥೆಯು 2017ರಲ್ಲಿ ರೈತನೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡಗಳ ಮಾರಾಟದಿಂದ ಬರುವ ಹಣದಲ್ಲಿ ಶೇಕಡಾ 75 ಭಾಗ ರೈತನಿಗೆ, 25 ಭಾಗ ಸಂಸ್ಥೆಗೆ. ಲಕ್ಷಗಳ ಲೆಕ್ಕದಲ್ಲಿ ಆದಾಯ ಬಂದುದು ಪತ್ರಿಕೆಗಳಲ್ಲಿ ವರದಿಯಾಯಿತು. ಅದೇ ತಾಲ್ಲೂಕಿನ ಇನ್ನೊಂದು ಹಲಸಿನ ಮರ ಮುಂದೆ 'ಶಂಕರ' ಎಂಬ ಹೆಸರಿನಲ್ಲಿ ಹೊರಬಂತು.

ಸರ್ಕಾರಿ ಸಂಸ್ಥೆಯೊಂದು ರೈತನನ್ನು ಫಲಾನುಭವಿ ಎಂದು ಕಾಣದೆ ಪಾಲುದಾರನೆಂದು ಕಂಡುದು ಈ ಒಪ್ಪಂದದ ಹೆಚ್ಚುಗಾರಿಕೆ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ದಾನವಲ್ಲ, ರಾಯಧನ. ಆದರೂ ಈ ಯಶಸ್ಸನ್ನೇ ತಳಿ ವೈವಿಧ್ಯದ ಸಂರಕ್ಷಣೆಯೆಂದು ಬಗೆಯುವುದು ಅವಸರದ ಮಾತಾದೀತು. ಒಂದು ಮರದ ಕಸಿ ಸಾವಿರಾರು ತೋಟಗಳಿಗೆ ಹೋದಾಗ ಉಳಿದದ್ದು ಒಂದು ತಳಿ. ಅದೇ ತೋಟದಲ್ಲಿದ್ದ ಹತ್ತು ಬಗೆಯ ಹಲಸುಗಳ ಜಾಗದಲ್ಲಿ ಹತ್ತೂ 'ಸಿದ್ದು' ಗಿಡಗಳೇ ನಿಂತರೆ ವೈವಿಧ್ಯ ಹೆಚ್ಚಲಿಲ್ಲ, ಇಳಿಯಿತು. ಇತ್ತೀಚಿನ ವರ್ಷಗಳಲ್ಲಿ ಬೇಗ ಫಲ ಕೊಡುವ ವಿಯೆಟ್ನಾಮಿನ ಹಲಸಿನ ಗಿಡಗಳು ನರ್ಸರಿಗಳಲ್ಲಿ ಬಿರುಸಾಗಿ ಮಾರಾಟವಾಗುತ್ತಿರುವುದನ್ನು ನೋಡಿದರೆ ಈ ಭಯ ನಿರಾಧಾರವಲ್ಲ. 'ಸಿದ್ದು' ಒಪ್ಪಂದದಿಂದ ಅನುಕರಿಸಬೇಕಾದುದು ಆ ತಳಿಯನ್ನಲ್ಲ, ಆ ಪಾಲು ಪತ್ರವನ್ನು. ಅಂತಹ ಪತ್ರಗಳು ಎರಡಲ್ಲ, ಇನ್ನೂರು ಆಗಬೇಕು.

ಯಾವ ಮರಗಳಿಗೆ ಮೊದಲು ಗಮನ ಕೊಡಬೇಕೆಂಬುದನ್ನು ತಿಳಿಯಲು ಸರಳವಾದ ವಿಧಾನವೊಂದಿದೆ. 2009ರಿಂದ ಕೆಲವು ವರ್ಷಗಳ ಕಾಲ ಭಾರತ, ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಉಷ್ಣವಲಯದ ಹಣ್ಣುಗಳ ಸಂರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಯೋಜನೆ ನಡೆಯಿತು. ಜಾಗತಿಕ ಪರಿಸರ ನಿಧಿಯ ನೆರವಿನಿಂದ, ಅಂದಿನ ಬಯೋವರ್ಸಿಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸಂಯೋಜನೆಯಲ್ಲಿ ನಡೆದ ಈ ಯೋಜನೆಯ ಭಾರತದ ಕ್ಷೇತ್ರಗಳಲ್ಲಿ ಶಿರಸಿಯೂ ಒಂದು. ಚಿತ್ತೂರು, ಮಲೀಹಾಬಾದ್, ಬಿಹಾರದ ಪೂಸಾ, ಅಮರಾವತಿಗಳು ಉಳಿದವು. ಅಲ್ಲಿ ಬಳಸಿದ ವಿಧಾನ ಹೀಗಿದೆ: ಊರಿನವರೆಲ್ಲರೂ ಕಲೆತು ನೆಲದ ಮೇಲೆ ನಾಲ್ಕು ಮನೆಗಳ ಚೌಕ ಬರೆಯುತ್ತಾರೆ. ಅನೇಕ ಮನೆಗಳಲ್ಲಿ ಬಹು ಸಂಖ್ಯೆಯಲ್ಲಿರುವ ತಳಿ ಒಂದರಲ್ಲಿ. ಅನೇಕ ಮನೆಗಳಲ್ಲಿ ಒಂದೆರಡು ಮರ ಮಾತ್ರ ಇರುವುದು ಎರಡನೆಯದರಲ್ಲಿ. ಕೆಲವೇ ಮನೆಗಳಲ್ಲಿ ಬಹು ಸಂಖ್ಯೆಯಲ್ಲಿರುವುದು ಮೂರನೆಯದರಲ್ಲಿ. ಕೆಲವೇ ಮನೆಗಳಲ್ಲಿ ಒಂದೆರಡು ಮರ ಮಾತ್ರ ಉಳಿದಿರುವುದು ನಾಲ್ಕನೆಯದರಲ್ಲಿ. ಈ ನಾಲ್ಕನೆಯ ಮನೆಯ ತಳಿಗಳೇ ಅಳಿವಿನ ಅಂಚಿನವು. ಗೋದಾಮಿನಲ್ಲಿ ಸರಕಿನ ದಾಸ್ತಾನು ಪರಿಶೀಲಿಸುವ ವ್ಯಾಪಾರಿಗೆ ಈ ಲೆಕ್ಕ ಹೊಸತಲ್ಲ. ವ್ಯತ್ಯಾಸ ಇಷ್ಟೇ: ಗೋದಾಮಿನಲ್ಲಿ ಮುಗಿದ ಸರಕನ್ನು ಮತ್ತೆ ತರಿಸಬಹುದು.

ಈ ಯೋಜನೆಯು ಇನ್ನೊಂದು ಪರಿಕಲ್ಪನೆಯನ್ನೂ ಮುಂದಿಟ್ಟಿತು. ಪ್ರತಿ ಊರಿನಲ್ಲೂ ತಳಿ ಸಂಗ್ರಹದ ಗೀಳಿರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಎಲ್ಲಿಯೋ ಒಳ್ಳೆಯ ಹಣ್ಣು ತಿಂದರೆ ಕಡ್ಡಿ ತಂದು ಕಟ್ಟುವವರು, ಕೇಳಿದವರಿಗೆ ಇಲ್ಲವೆನ್ನದೆ ಕೊಡುವವರು. ಅವರನ್ನು 'ಪಾಲಕ ರೈತ'ರೆಂದು ಗುರುತಿಸಲಾಯಿತು. ಮಲೀಹಾಬಾದಿನ ಹಾಜಿ ಕಲೀಮುಲ್ಲಾ ಖಾನ್ ಒಂದೇ ಮರದ ಮೇಲೆ ಮುನ್ನೂರಕ್ಕೂ ಹೆಚ್ಚು ಬಗೆಯ ಮಾವನ್ನು ಕಸಿ ಕಟ್ಟಿ 2008ರಲ್ಲಿ ಪದ್ಮಶ್ರೀ ಪಡೆದರು. ಅಷ್ಟು ಪ್ರಸಿದ್ಧಿಗೆ ಬಾರದ ಪಾಲಕ ರೈತರು ಮಲೆನಾಡಿನಲ್ಲೂ ಕರಾವಳಿಯಲ್ಲೂ ನೂರಾರು ಮಂದಿ ಇದ್ದಾರೆ. ಅವರ ವಯಸ್ಸು ಏರುತ್ತಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸಂಗ್ರಹದಿಂದ ಆದಾಯ ಬಾರದಿದ್ದರೆ ತೋಟ ಮಾರಾಟವಾದಂದು ಮರಗಳ ಗತಿ ಏನೆಂದು ಊಹಿಸಲು ಕಷ್ಟವಿಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲೇ ಬಂದಿತು. ಅದರ ಪ್ರಾಧಿಕಾರ 2005ರಿಂದ ಕಾರ್ಯನಿರತವಾಗಿದೆ. ರೈತನು ತನ್ನ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಮರ ಜಾತಿಯ ತಳಿಗಳಿಗೆ 18 ವರ್ಷಗಳ ರಕ್ಷಣೆಯುಂಟು. ತಳಿ ಕಾಪಾಡಿದ ರೈತರಿಗೂ ಸಮುದಾಯಗಳಿಗೂ ಪ್ರಶಸ್ತಿಗಳಿವೆ. ಸಮುದಾಯ ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ರೂಪಾಯಿ. ಆದರೆ ಅರ್ಜಿ ನಮೂನೆ ತುಂಬುವುದು, ತಳಿಯ ಲಕ್ಷಣಗಳನ್ನು ವೈಜ್ಞಾನಿಕವಾಗಿ ದಾಖಲಿಸುವುದು, ಕಚೇರಿಗಳಿಗೆ ಅಲೆಯುವುದು ಹೊಳೆದಂಡೆಯ ಹಿಡುವಳಿದಾರನಿಗೆ ಸುಲಭವಲ್ಲ. ಟ್ರೇಡ್ ಮಾರ್ಕ್, ತೆರಿಗೆ, ಆಹಾರ ಸುರಕ್ಷತಾ ಪರವಾನಗಿಗಳ ಕಾಗದ ಪತ್ರಗಳನ್ನು ದಿನನಿತ್ಯ ನಿಭಾಯಿಸುವ ವಾಣಿಜ್ಯ ಸಂಸ್ಥೆಗಳಿಗೆ ಇದು ಎಡಗೈ ಕೆಲಸ.

ಕೆಲವು ಉದ್ಯಮಿಗಳು ಎತ್ತುವ ಆಕ್ಷೇಪಣೆಗಳೂ ಪರಿಗಣನಾರ್ಹವೇ. ದಿನಕ್ಕೆ ನೂರಾರು ಟನ್ ಹಣ್ಣು ಅರೆಯುವ ತಿರುಳು ಕಾರ್ಖಾನೆಗೆ ಇಪ್ಪತ್ತು ಬಗೆಯ ನಾಟಿ ಮಾವನ್ನು ನಿಭಾಯಿಸಲಾಗದು ಎಂಬುದು ನಿಜ. ರಸದ ಸಾಂದ್ರತೆ, ಬಣ್ಣ, ಹುಳಿ ಒಂದೇ ಸಮನಾಗಿರಬೇಕೆಂದು ವಿದೇಶದ ಖರೀದಿದಾರ ಕೇಳುತ್ತಾನೆ. ಅಂತಹ ಕಾರ್ಖಾನೆಗಳ ಮೇಲೆ ಈ ಹೊಣೆ ಹೊರಿಸುವುದು ವ್ಯವಹಾರಜ್ಞಾನವಲ್ಲ. ಆದರೆ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಶರಬತ್ತು, ಮುರುಗಲು ತುಪ್ಪ, ಐಸ್‌ಕ್ರೀಂ, ಹೋಟೆಲು ಇವು ಬೇರೆ ಮಾತು. ಇಲ್ಲಿ ಭಿನ್ನತೆಯೇ ಬಂಡವಾಳ. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯು ಮುರುಗಲು, ಹಲಸು ಮೊದಲಾದ ಉತ್ಪನ್ನಗಳನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ರೈತರಿಂದ ಸಂಗ್ರಹಿಸಿ ಮಾರುಕಟ್ಟೆ ಒದಗಿಸುತ್ತಿರುವುದು ಈ ಮಾರ್ಗ ಸಾಧ್ಯವೆಂಬುದಕ್ಕೆ ಸಾಕ್ಷಿ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿ.ಐ. ದೊರೆತಿದೆ. ತೆಳು ಸಿಪ್ಪೆಯ ಆ ಹಣ್ಣು ಬಹುಕಾಲ ತಾಳದು ಎಂಬುದೇ ಅದರ ಕೊರತೆ. ಅದನ್ನು ಕೆಡದಂತೆ ಬೆಂಗಳೂರು, ಹುಬ್ಬಳ್ಳಿಗಳಿಗೆ ತಲುಪಿಸುವ ಪೆಟ್ಟಿಗೆ, ಶೀತ ಸಾಗಾಟಗಳು ರೈತನ ಕೈಮೀರಿದ ಕೆಲಸ. ಅದು ಶುದ್ಧಾಂಗವಾಗಿ ವಾಣಿಜ್ಯದ ಕೆಲಸ.

ರಾಯಧನ ಕೊಟ್ಟರೆ ಗಿಡದ ಬೆಲೆ ಏರಿ ಮಾರಾಟ ಕುಗ್ಗುತ್ತದೆಂಬ ನರ್ಸರಿಗಳ ಅಳಲನ್ನು ಲೆಕ್ಕ ಹಾಕಿಯೇ ನೋಡಬಹುದು. ಉದಾಹರಣೆಗೆ, ನರ್ಸರಿಯೊಂದು ನೂರು ರೂಪಾಯಿಗೆ ಮಾರುವ ಕಸಿ ಗಿಡವೊಂದಕ್ಕೆ ಐದು ರೂಪಾಯಿ ತಾಯಿಮರದ ಒಡೆಯನಿಗೆ ಸಂದಿತೆನ್ನೋಣ. ವರ್ಷಕ್ಕೆ ಎರಡು ಸಾವಿರ ಗಿಡ ಮಾರಾಟವಾದರೆ ಅವನಿಗೆ ಹತ್ತು ಸಾವಿರ ರೂಪಾಯಿ. ಕೊಳ್ಳುವವನಿಗೆ ಐದು ರೂಪಾಯಿ ಭಾರವಲ್ಲ. ಒಡೆಯನಿಗಾದರೋ ಮರವನ್ನು ಒಮ್ಮೆ ಕಡಿದು ಮಾರಿದರೆ ಬರುವ ಹಣಕ್ಕೂ ವರ್ಷ ವರ್ಷ ಬರುವ ಈ ಹಣಕ್ಕೂ ಹೋಲಿಕೆ ಮಾಡಿ ನೋಡಲು ಒಂದು ಕಾರಣ ದೊರೆಯುತ್ತದೆ. ಇಂದು ಕಸಿಕಡ್ಡಿ ಬಹುತೇಕ ಪುಕ್ಕಟೆಯಾಗಿ ಹೋಗುತ್ತಿದೆ. ಕೇಳಿದವರಿಗೆ ಕಡ್ಡಿ ಕೊಡುವುದು ಮಲೆನಾಡಿನ ಸೌಜನ್ಯ. ನೆರೆಯವನಿಗೆ ಕೊಡುವ ಆ ಸೌಜನ್ಯವನ್ನು ಲೆಕ್ಕಕ್ಕೆ ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಸಾವಿರಗಟ್ಟಲೆ ಗಿಡ ಮಾರುವ ನರ್ಸರಿಯು ಅದೇ ಸೌಜನ್ಯದ ಮರೆಯಲ್ಲಿ ನಿಲ್ಲುವುದು ನ್ಯಾಯವೇ ಎಂಬುದಷ್ಟೇ ಪ್ರಶ್ನೆ.

ಹಾಗಾದರೆ ವಾಣಿಜ್ಯ ಸಂಸ್ಥೆಗಳಿಂದ ತಕ್ಷಣ ಆಗಬಹುದಾದುದೇನು? ಉಪ್ಪಿನಕಾಯಿ ತಯಾರಕ ಸದಸ್ಯರ ಖರೀದಿ ಕರಾರಿನಲ್ಲಿ ಮಿಡಿಯ ತಳಿಯ ಹೆಸರು, ಬಂದ ಊರು, ಕೊಯ್ದ ವಿಧಾನ ಈ ಮೂರನ್ನು ನಮೂದಿಸುವ ಪದ್ಧತಿ ತರುವುದು ಮೊದಲ ಕೆಲಸ. ಕೊಂಬೆ ಕಡಿದ ಮಿಡಿಯನ್ನು ಕೊಳ್ಳುವುದಿಲ್ಲವೆಂದು ನಾಲ್ಕು ದೊಡ್ಡ ಖರೀದಿದಾರರು ಒಮ್ಮತದಿಂದ ಘೋಷಿಸಿದರೆ ಗುತ್ತಿಗೆದಾರನ ಮಚ್ಚು ಅರಣ್ಯ ರಕ್ಷಕನ ಕಾವಲಿಗಿಂತ ಬೇಗ ಕೆಳಗಿಳಿಯುತ್ತದೆ. ಉಪ್ಪುನೀರಿನ ಪೀಪಾಯಿಗಳಲ್ಲಿ ತಳಿಗಳನ್ನು ಬೇರೆ ಬೇರೆಯಾಗಿ ಇಟ್ಟು, ಕನಿಷ್ಠ ಉತ್ಪಾದನೆಯ ಒಂದು ಭಾಗವನ್ನಾದರೂ ತಳಿಯ ಹೆಸರಿನಲ್ಲೇ ಮಾರಬೇಕು. 'ಮಾವಿನ ಮಿಡಿ' ಎಂಬ ಒಂದೇ ಚೀಟಿ ಅಂಟಿಸಿದ ಶೀಷೆ ಎಷ್ಟು ತಳಿಗಳನ್ನು ಅನಾಮಧೇಯವಾಗಿಸಿದೆಯೆಂಬುದನ್ನು ತಯಾರಕರೇ ಬಲ್ಲರು. ಜೀರಿಗೆ ಮಿಡಿಗೆ ಇಂದು ಹೆಚ್ಚಿನ ಬೆಲೆ ಬರುತ್ತಿರುವುದು ಗ್ರಾಹಕನಿಗೆ ಆ ಹೆಸರು ತಿಳಿದಿರುವುದರಿಂದ.

ಎರಡನೆಯದಾಗಿ, ನರ್ಸರಿ ಉದ್ಯಮದ ಪ್ರತಿನಿಧಿಗಳು, ಹೆಸರಘಟ್ಟದ ಸಂಸ್ಥೆ ಮತ್ತು ಪಾಲಕ ರೈತರು ಒಟ್ಟಿಗೆ ಕುಳಿತು 'ಸಿದ್ದು' ಒಪ್ಪಂದದ ಮಾದರಿಯಲ್ಲಿ ಎರಡು ಪುಟಗಳ ಸರಳ ಕರಾರು ಪತ್ರವೊಂದನ್ನು ಕನ್ನಡದಲ್ಲೇ ಸಿದ್ಧಪಡಿಸಬೇಕು. ಶೇಕಡಾ 75 ಎಲ್ಲ ಸಂದರ್ಭಕ್ಕೂ ಹೊಂದದು. ಖಾಸಗಿ ನರ್ಸರಿಯ ವೆಚ್ಚ ಬೇರೆ, ಸರ್ಕಾರಿ ಸಂಸ್ಥೆಯ ವೆಚ್ಚ ಬೇರೆ. ಪಾಲಿನ ಪ್ರಮಾಣ ಚೌಕಾಸಿಯಿಂದ ನಿರ್ಧಾರವಾಗಲಿ. ಪಾಲು ಇರಬೇಕೆಂಬ ತತ್ತ್ವ ಚೌಕಾಸಿಯ ವಸ್ತುವಾಗಬಾರದು. ಹೆಸರಾಂತ ತಳಿಯ ಹತ್ತು ಗಿಡ ಕೊಳ್ಳುವವನು ಅಪರೂಪದ ತಳಿಯ ಒಂದು ಗಿಡವನ್ನೂ ಒಯ್ಯುವಂತೆ ರಿಯಾಯಿತಿ ಏರ್ಪಡಿಸುವುದು ನರ್ಸರಿಗಳಿಗೆ ಕಷ್ಟವಾಗಲಾರದು.

ಮಲೆನಾಡಿನಲ್ಲಿ ಮಿಡಿಯ ಸುಗ್ಗಿ ಮಾಘ ಫಾಲ್ಗುಣಗಳಲ್ಲಿ ಪ್ರಾರಂಭವಾಗುತ್ತದೆ. ಮರಗಳ ಗುತ್ತಿಗೆಯ ಮಾತುಕತೆ, ಮುಂಗಡದ ಹಣ, ಖಾಲಿ ಪೀಪಾಯಿಗಳ ಸಾಗಾಟ ಇವೆಲ್ಲ ಹೂ ಬಿಡುವ ಹೊತ್ತಿಗೇ ನಡೆದುಹೋಗುತ್ತವೆ. ಖರೀದಿ ಕರಾರಿನ ನಮೂನೆಗೆ ಮೂರು ಅಂಕಣಗಳನ್ನು ಸೇರಿಸಿ ಮುದ್ರಿಸುವುದಿದ್ದರೆ ಅದು ಅದಕ್ಕೂ ಮೊದಲು ಆಗಬೇಕು.